ಕಳ್ಳಿಹಣ್ಣಿನ ಹೆರೆಮಂಜು

ಬಹಳ ಹಿಂದಿನ ಮಾತು. ಬೆಟ್ಟಗಳು ಇನ್ನೂ ಬೆಳೆಯುತ್ತಿದ್ದ ಕಾಲ. ಬಿಸಿಲುಸೀಮೆ ಅಂತ ಒಂದು ರಾಜ್ಯ ಇತ್ತು. ಅಲ್ಲಿ ವರ್ಷಕ್ಕೆ ಹತ್ತು ತಿಂಗಳು ಬೇಸಗೆ. ಉಳಿದ ಎರಡು ತಿಂಗಳು ಜನ ಬೇಸಗೆಗೆ ಹೆದರಿಕೊಂಡು ಕೂರುತ್ತಿದ್ದರು.

ಆ ಸೀಮೆಗೆ ಬೊಮ್ಮರಸ ಅಂತ ರಾಜ. ಅವನಿಗೆ ಒಬ್ಬಳೇ ಮಗಳು. ತುಂಬೆ ಅಂತ ಹೆಸರು. ಏಳು ವರ್ಷದ ಮಗು.

ಅರಮನೆಯ ಕೆಳಗಿನ ಬೀದಿಯಲ್ಲಿ ದುಗ್ಗ ಇದ್ದ. ಅವನ ಕಸುಬು ಮಂಜು ಹೆರೆಯುವುದು. ಬೆಳ್ಳಿಬೆಟ್ಟದಿಂದ ಮಂಜುಗಡ್ಡೆ ತರುತ್ತಿದ್ದ. ಭತ್ತದ ಹೊಟ್ಟಿನಲ್ಲಿ ಹೂತಿಡುತ್ತಿದ್ದ. ಗಿರಾಕಿ ಬಂದಾಗ ಗಡ್ಡೆ ತೆಗೆದು, ಹೆರೆಗತ್ತಿ ಹಿಡಿದು, ಕಾಯಿತುರಿಯ ಹಾಗೆ ಹೆರೆದು ಬಟ್ಟಲಿಗೆ ತುಂಬುತ್ತಿದ್ದ. ಅದರ ಮೇಲೆ ಹಣ್ಣಿನ ಪಾಕ ಹುಯ್ಯುವವಳು ಅವನ ಹೆಂಡತಿ ಕೆಂಚವ್ವ. ಅದಕ್ಕೆ ಜನ ಹೆರೆಮಂಜು ಅನ್ನುತ್ತಿದ್ದರು.

ಕೆಂಚವ್ವನ ಅಜ್ಜಿ ಏಳು ಸಮುದ್ರದ ಆಚೆಯವಳು. ಮೆಕ್ಕೆಜೋಳ ಮೊದಲು ಮೊಳೆತ ಮೆಕ್ಕೆನಾಡಿನಿಂದ ಹಡಗು ಹತ್ತಿ ಬಂದವಳು. ಆ ನಾಡಿನಲ್ಲಿ ಬೆಟ್ಟಗಳು ಹೊಗೆ ಉಗುಳುತ್ತವೆ, ತುದಿಯಲ್ಲಿ ಮಾತ್ರ ಮಂಜು. ಅಲ್ಲಿಯ ಜನ ಆ ಮಂಜು ಹೆರೆದು, ಹಣ್ಣಿನ ಪಾಕ ಹುಯ್ದು, ಮೇಲೆ ಉಪ್ಪು ಖಾರ ಉದುರಿಸಿ ತಿನ್ನುತ್ತಾರೆ. ಆ ವಿದ್ಯೆ ಅಜ್ಜಿಯಿಂದ ಮೊಮ್ಮಗಳಿಗೆ ಬಂತು.

ಬಿಸಿಲುಸೀಮೆಯವರು ಮೊದಲು ನಕ್ಕರು. "ಸಿಹಿ ಮೇಲೆ ಖಾರವಾ? ಕೆಂಚಿಗೆ ತಲೆ ಕೆಟ್ಟಿದೆ" ಅಂದರು. ಆಮೇಲೆ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿನ್ನುವವರು ತಾವೇ ಅಂತ ನೆನಪಾಯಿತು. ಸಾಲು ನಿಂತರು.

ಗಂಡ ಹೆಂಡತಿ ಕೆಲಸ ಹಂಚಿಕೊಂಡಿದ್ದರು. ಹೆರೆಯುವುದು ಅವನದು. ಪಾಕ ಅವಳದು. ಅವನು ಒಲೆಯ ಹತ್ತಿರ ಬಂದರೆ ಅವಳು ಸೌಟು ಎತ್ತುತ್ತಿದ್ದಳು. "ನೀನು ತಣ್ಣಗಿರೋನು. ಹೋಗಿ ಮಂಜಿನ ಹತ್ತಿರ ಕೂತ್ಕೋ" ಅನ್ನುತ್ತಿದ್ದಳು.

ಒಂದು ಬೇಸಗೆ ಕೆಂಚವ್ವ ಸತ್ತಳು. ಮೂರೇ ದಿನದ ಜ್ವರ.

ದುಗ್ಗ ಹೆರೆಗತ್ತಿಯನ್ನು ಗೋಡೆಗೆ ಸಿಕ್ಕಿಸಿದ. ಅಂಗಡಿ ಮುಚ್ಚಿದ. ಅವಳು ಮಾಡಿದ ಪಾಕ ಒಂದು ಭರಣಿ ಉಳಿದಿತ್ತು. ಭರಣಿಯ ಬಾಯಿಗೆ ಬಟ್ಟೆ ಕಟ್ಟಿತ್ತು. ಅವಳ ಕೈಯ ಗಂಟು. ಅವನು ಬಿಚ್ಚಲಿಲ್ಲ.

ಅವಳು ಹೋದ ಆರು ತಿಂಗಳಿಗೆ ಆ ಸೀಮೆಗೆ ಒಬ್ಬ ಮಂತ್ರವಾದಿ ಬಂದ. ಸೋರೆಸಿದ್ಧ ಅಂತ ಅವನ ಹೆಸರು. ಮೈತುಂಬ ಒಣ ಸೋರೆಬುರುಡೆಗಳನ್ನು ಕಟ್ಟಿಕೊಂಡಿದ್ದ. ನಡೆದರೆ ಕಟಕಟ ಸದ್ದು. ಒಂದು ಮಂತ್ರ ಹೇಳಿ ಬತ್ತಿದ ಕೆರೆಗೆ ನೀರು ತರಿಸಿದ. ರಾಜ ಕಾಲಿಗೆ ಬಿದ್ದ.

"ಏನು ಕೊಡಲಿ ಸ್ವಾಮಿ?"

"ನನಗೇನು ಬೇಕಪ್ಪ, ಸನ್ಯಾಸಿ. ಮನೆಮನೆಯಲ್ಲಿ ಏನು ಮಾಡಿದರೂ ಮೊದಲ ತುತ್ತು ನನಗೆ ಮೀಸಲಿಡಿ. ಸಾಕು."

ಒಂದು ತುತ್ತು. ಯಾರಿಗೂ ಭಾರ ಅನ್ನಿಸಲಿಲ್ಲ. ರಾಜ ಡಂಗುರ ಹೊಡೆಸಿದ.

ಮೊದಲ ದಿನ ಅನ್ನದ ಮೀಸಲು ಹೋಯಿತು. ಸೋರೆಸಿದ್ಧ ತಿಂದ, ಒಂದು ಬುರುಡೆಯೊಳಗೆ ಉಸಿರು ಬಿಟ್ಟ, ಬಿರಡೆ ಹಾಕಿದ. ಅಷ್ಟೇ. ಸೀಮೆಯ ಅನ್ನದ ರುಚಿಯೆಲ್ಲ ಬುರುಡೆಯೊಳಗೆ ಹೋಯಿತು. ಜನರ ಬಾಯಲ್ಲಿ ಅನ್ನ ನೆನೆದ ಮಣ್ಣಾಯಿತು. ಎರಡನೇ ದಿನ ರಾಗಿ ಹೋಯಿತು. ಮೂರನೇ ದಿನ ಹಾಲು. ಹೀಗೇ ಬಾಳೆ, ಮಾವು, ಬದನೆ, ಹುಣಸೆ, ತುಪ್ಪ. ಒಂದೊಂದು ಬುರುಡೆಗೆ ಒಂದೊಂದು. ಬೆಲ್ಲ, ಉಪ್ಪು, ಮೆಣಸಿನಕಾಯಿ ಮಾತ್ರ ಬಿಟ್ಟಿದ್ದ. ಅವು ಹೋದರೆ ಜನ ಅಡುಗೆಯನ್ನೇ ಬಿಡುತ್ತಾರೆ, ತನಗೆ ಮೀಸಲು ಬರುವುದಿಲ್ಲ ಅಂತ ಗೊತ್ತಿತ್ತು.

ಮೀಸಲು ಕೊಡುವುದಿಲ್ಲ ಅಂದ ಇಬ್ಬರು ಕಾಗೆಗಳಾದರು. ಆಮೇಲೆ ಯಾರೂ ಮಾತಾಡಲಿಲ್ಲ.

ದೊಡ್ಡವರು ಹೇಗೋ ನುಂಗಿದರು. ಮಕ್ಕಳು ನುಂಗಲಿಲ್ಲ. ರಾಜನ ಮಗಳು ತುಂಬೆ ಸ್ವಲ್ಪ ದಿನ ಬೆಲ್ಲ ನೆಕ್ಕಿಕೊಂಡಿದ್ದಳು. ಆಮೇಲೆ ಅದೂ ಬೇಡ ಅಂದಳು. ಹನ್ನೆರಡು ದಿನವಾಯಿತು. ನೀರು ಬಿಟ್ಟು ಏನೂ ಇಳಿಯಲಿಲ್ಲ. ಕೈ ಎಲುಬು ಕಾಣಿಸಿತು. ಹದಿಮೂರನೆಯ ದಿನ ಅವಳು ಕಣ್ಣು ಬಿಡುವುದೂ ಕಮ್ಮಿಯಾಯಿತು.

ರಾಜ ಓಡಿ ಹೋಗಿ ಸೋರೆಸಿದ್ಧನ ಕಾಲು ಹಿಡಿದ. "ಮಗುವಿನ ಹಾಲನ್ನದ ರುಚಿ ಒಂದು ಬಿಟ್ಟುಬಿಡಿ ಸ್ವಾಮಿ."

ಸೋರೆಸಿದ್ಧ ಒಂದು ಖಾಲಿ ಬುರುಡೆ ತೋರಿಸಿದ. "ಇದೊಂದು ತುಂಬಿಲ್ಲ. ನಿನ್ನ ಊರಿನವರು ಏನೂ ಸಿಗದಿದ್ದರೂ ಒಂದನ್ನು ನೆನೆಸಿಕೊಂಡು ನಾಲಿಗೆ ಚಪ್ಪರಿಸುತ್ತಾರೆ. ಕೆಂಚವ್ವನ ಹೆರೆಮಂಜಂತೆ. ಅದರ ಮೀಸಲು ತರಿಸು. ಏಳು ದಿನ. ಬಂದರೆ ಮಗುವಿಗೆ ಹಾಲನ್ನ. ಬರದಿದ್ದರೆ ಮಣ್ಣಿಗೆ ಮಗು."

ರಾಜ ಚಪ್ಪಲಿ ಇಲ್ಲದೆ ದುಗ್ಗನ ಮನೆಗೆ ಬಂದ. ಬಾಗಿಲಲ್ಲೇ ಕೂತ. ನಡೆದದ್ದು ಹೇಳಿದ.

"ಕೆಂಚವ್ವ ಇಲ್ಲ ಅಂತ ಗೊತ್ತು ದುಗ್ಗ. ಅವಳು ಮಾಡಿದ್ದು ಏನಾದರೂ ಉಳಿದಿದೆಯಾ?"

ದುಗ್ಗನಿಗೆ ಸುಳ್ಳು ಬರುತ್ತಿರಲಿಲ್ಲ. "ಒಂದು ಭರಣಿ ಇದೆ ಬುದ್ಧಿ" ಅಂದ.

ಪಕ್ಕದ ಮನೆಯ ಮುದುಕಿ ಕಾಟವ್ವ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ರಾಜ ಹೋದ ಮೇಲೆ ಒಳಗೆ ಬಂದಳು.

"ಯೋಚನೆ ಮಾಡಿದ್ದೀಯೇನೋ ದುಗ್ಗಾ? ಆ ಬುರುಡೆಯವನು ಒಂದು ಸಲ ಬಾಯಿಗಿಟ್ಟರೆ ಆ ರುಚಿ ಲೋಕದಲ್ಲೇ ಇರಲ್ಲ. ಕೆಂಚಿ ಇನ್ನೊಂದು ಸಲ ಸತ್ತ ಹಾಗೆ."

"ಹ್ಞೂಂ."

"ಏನು ಹ್ಞೂಂ?"

"ಮಗು ಸಾಯ್ತಾ ಇದೆ ಕಾಟವ್ವ."

ಕಾಟವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಸರಿ ಹೋಗು. ತಲೆಗೆ ಬಟ್ಟೆ ಕಟ್ಕೋ. ಬಿಸಿಲು ನಿನ್ನ ಮಾವನ ಮನೆಯದಲ್ಲ."

ಪಾಕ ಇತ್ತು. ಮಂಜು ಇರಲಿಲ್ಲ. ದುಗ್ಗ ಗೋಡೆಯಿಂದ ಹೆರೆಗತ್ತಿ ತೆಗೆದ. ಬೆನ್ನಿಗೆ ಹೊಟ್ಟಿನ ಗೋಣಿ, ಕಂಕುಳಲ್ಲಿ ಭರಣಿ. ಭರಣಿಯನ್ನು ಮನೆಯಲ್ಲಿ ಬಿಡಲು ಮನಸ್ಸಾಗಲಿಲ್ಲ. ಬೆಳ್ಳಿಬೆಟ್ಟದ ದಾರಿ ಹಿಡಿದ. ಹೋಗುವುದಕ್ಕೆ ಮೂರು ದಿನ, ಬರುವುದಕ್ಕೆ ಮೂರು ದಿನ.

ಮೂರನೆಯ ದಿನ ನಸುಕಿಗೇ ಬೆಟ್ಟದ ಬುಡಕ್ಕೆ ಬಂದ. ಬುಡದಲ್ಲಿ ಮಂಜು ಇರಲಿಲ್ಲ. ಆ ವರ್ಷದ ಬಿಸಿಲಿಗೆ ಕರಗಿ ಹೋಗಿತ್ತು. ನಡುವಿಗೆ ಬಂದ. ನಡುವಿನಲ್ಲೂ ಇರಲಿಲ್ಲ. ತುದಿಯಲ್ಲಿ ಇತ್ತು. ತುದಿ ಬಿಳಿ ಕರಡಿಯದು.

ಕರಡಿ ಗುಡಿಸಲಿನಷ್ಟು ದೊಡ್ಡದು. ಬಂಡೆಗೆ ಬೆನ್ನು ಉಜ್ಜಿಕೊಳ್ಳುತ್ತಾ ಕೂತಿತ್ತು.

"ಯಾವನೋ ನೀನು?"

"ದುಗ್ಗ. ಮಂಜು ಹೆರೆಯೋನು."

"ಹೆರೆಯೋನಾ? ಬಾ ಇಲ್ಲಿ. ಸಾವಿರ ವರ್ಷದ ಮಂಜು ನನ್ನ ಬೆನ್ನ ಮೇಲೆ ಗಟ್ಟಿ ಕಟ್ಟಿದೆ. ಒಳಗೆ ಕೆರೆತ, ಉಗುರು ಹೋಗಲ್ಲ. ಹೆರೆದು ತೆಗಿ. ಒಂದು ಹನಿ ರಕ್ತ ಬಂತೋ, ನಿನ್ನ ನುಂಗ್ತೀನಿ. ನಿನಗಿಂತ ಮುಂಚೆ ಮೂವರು ಬಂದಿದ್ದರು."

"ಅವರೆಲ್ಲಿ?"

"ಒಳಗೇ ಇದ್ದಾರೆ" ಅಂತ ಕರಡಿ ಹೊಟ್ಟೆ ತಟ್ಟಿಕೊಂಡಿತು.

ದುಗ್ಗ ಕತ್ತಿಯನ್ನು ಕಲ್ಲಿಗೆ ಮಸೆದ. ಅವಸರ ಮಾಡಲಿಲ್ಲ. ಮಂಜು ಹೆರೆಯುವಾಗ ಕೈ ಒತ್ತಬಾರದು. ಒತ್ತಿದರೆ ಚೂರಾಗುತ್ತದೆ, ಕತ್ತಿ ಜಾರುತ್ತದೆ. ಕತ್ತಿಯನ್ನು ಮಲಗಿಸಿ ಹಿಡಿದು ಎಳೆಯಬೇಕು. ಎಷ್ಟು ಕೊಡುತ್ತೋ ಅಷ್ಟೇ ತೆಗೆದುಕೊಳ್ಳಬೇಕು. ಇದು ಅವನಿಗೆ ಗೊತ್ತಿತ್ತು. ಬೇರೆ ಏನೂ ಗೊತ್ತಿರಲಿಲ್ಲ.

ಬೆಳಗ್ಗೆ ಹಿಡಿದ ಕತ್ತಿ ಹೊತ್ತು ನೆತ್ತಿಗೇರಿ ಇಳಿಯುವ ತನಕ ನಿಲ್ಲಲಿಲ್ಲ. ಮೊದಲು ಬಿಳಿ ಮಂಜು ಉದುರಿತು. ಆಮೇಲೆ ನೀಲಿ ಮಂಜು. ಕೊನೆಗೆ ಕೂದಲಿನ ತುದಿ ಕಂಡಿತು. ದುಗ್ಗ ಕೈ ನಿಲ್ಲಿಸಿದ.

"ಇನ್ನು ನೀನೇ ಕೆರ್ಕೋ" ಅಂದ.

ಕರಡಿ ಕೆರೆದುಕೊಂಡಿತು. ಕಣ್ಣು ಮುಚ್ಚಿತು. ಬೆಟ್ಟವೇ ಅಲುಗುವ ಹಾಗೆ ನಿಟ್ಟುಸಿರು ಬಿಟ್ಟಿತು. "ಅಬ್ಬಾ. ಸಾವಿರ ವರ್ಷ ಕಣಪ್ಪ." ಆಮೇಲೆ ಬೆಟ್ಟದ ಎದೆಗೆ ಪಂಜ ಹಾಕಿ ಒಂದು ಗಡ್ಡೆ ಕಿತ್ತು ಕೊಟ್ಟಿತು. ಗಾಜಿನ ಹಾಗೆ ಇತ್ತು. ದುಗ್ಗ ಹೊಟ್ಟಿನಲ್ಲಿ ಸುತ್ತಿ ಗೋಣಿಗೆ ತುಂಬಿ ಬೆನ್ನಿಗೇರಿಸಿದ.

ಬೆಟ್ಟ ಇಳಿದರೆ ಕಾದಬಯಲು. ಮರ ಇಲ್ಲ, ನೆರಳಿಲ್ಲ. ದುಗ್ಗ ಬೇಗ ಬೇಗ ನಡೆದ. ಗೋಣಿ ತೊಟ್ಟಿಕ್ಕತೊಡಗಿತು. ಬೆನ್ನು ಒದ್ದೆ, ಕಾಲು ಸುಡುತ್ತಿತ್ತು. ನಾಲ್ಕನೆಯ ದಿನ ಸಂಜೆಗೆ ಗಡ್ಡೆ ಮುಕ್ಕಾಲಾಯಿತು. ಐದನೆಯ ದಿನ ಬೆಳಗ್ಗೆ ಅರ್ಧವಾಯಿತು. ಇನ್ನೂ ಹತ್ತಿರ ಹತ್ತಿರ ಎರಡು ದಿನದ ದಾರಿ. ಊರು ಮುಟ್ಟುವ ಹೊತ್ತಿಗೆ ಗೋಣಿಯಲ್ಲಿ ಹೊಟ್ಟು ಮಾತ್ರ ಇರುತ್ತದೆ ಅಂತ ಅವನಿಗೆ ಗೊತ್ತಾಯಿತು.

ಆಗ ದೂರದಲ್ಲಿ ನೀರಿನ ಹಾಗೆ ಏನೋ ಅಲುಗಿತು. ಹತ್ತಿರ ಬಂತು. ನೀರಲ್ಲ. ಕುದುರೆ. ಬಿಸಿಲ್ಗುದುರೆ.

ಎಲ್ಲರೂ ದೂರದಿಂದ ಕಂಡವರೇ. ಹತ್ತಿರ ಹೋದವರಿಲ್ಲ. ಮೈಯೆಲ್ಲ ನಡುಗುವ ಬೆಳಕು. ಅದಕ್ಕೆ ನೆರಳಿರಲಿಲ್ಲ.

"ನೀನು ನಡೆದರೆ ಎರಡು ದಿನ" ಅಂದಿತು ಕುದುರೆ. "ನಾನು ಓಡಿದರೆ ಎರಡು ಉಸಿರು. ನನ್ನ ಬೆನ್ನ ಮೇಲೆ ಹತ್ತು."

"ಏನು ಕೊಡಬೇಕು?"

"ಜನ ನನ್ನ ನೋಡಿ ನೀರು ನೀರು ಅಂತ ಓಡಿ ಬರ್ತಾರೆ. ನಾನು ಹುಟ್ಟಿದಾಗಿಂದ ಒಂದು ಗುಟುಕು ಕುಡಿದಿಲ್ಲ. ನಿನ್ನ ಕಂಕುಳಲ್ಲಿ ಇರೋದು ಏನು?"

ದುಗ್ಗ ಭರಣಿಯನ್ನು ಗಟ್ಟಿಯಾಗಿ ಹಿಡಿದ. "ಮಂಜು ಕೊಡ್ತೀನಿ. ಕರಗಿಸಿಕೊಂಡು ಕುಡಿ."

"ಮಂಜು ನನ್ನ ಹತ್ತಿರ ಬಂದರೆ ಆವಿ. ಆವಿಯಾಗದ ಹಾಗೆ ಮಂದ ಇರೋದು ಬೇಕು."

"ಬೆವರು ಇದೆ. ರಕ್ತ ಇದೆ."

"ಅದರಲ್ಲಿ ಉಪ್ಪು. ಬಾಯಾರಿಕೆ ಹೆಚ್ಚುತ್ತೆ."

"ಇದು ನನ್ನ ಹೆಂಡತಿ ಮಾಡಿದ್ದು."

"ಗೊತ್ತು" ಅಂದಿತು ಕುದುರೆ. "ಇಲ್ಲದಿದ್ದರೆ ಇಷ್ಟು ಬಿಗಿಯಾಗಿ ಹಿಡ್ಕೊಳ್ತಿರಲಿಲ್ಲ."

ಗೋಣಿ ತೊಟ್ಟಿಕ್ಕುತ್ತಲೇ ಇತ್ತು. ದುಗ್ಗ ಲೆಕ್ಕ ಹಾಕಿದ. ಭರಣಿ ಕೊಟ್ಟರೆ ಪಾಕ ಇಲ್ಲ. ಕೊಡದಿದ್ದರೆ ಮಂಜು ಇಲ್ಲ. ಮಂಜು ಊರಲ್ಲಿ ಹುಟ್ಟುವುದಿಲ್ಲ. ಪಾಕ ಊರಲ್ಲಿ ಮಾಡಬಹುದು, ಮಾಡುವ ಕೈ ಇದ್ದರೆ. ಅವನು ತನ್ನ ಕೈ ನೋಡಿಕೊಂಡ.

ಗಂಟು ಬಿಚ್ಚಿದ.

ಕುದುರೆ ಕುಡಿಯಿತು. ತಳದ ತನಕ ಕುಡಿಯಿತು. ನಾಲಿಗೆ ಹಾಕಿ ಭರಣಿಯ ಒಳಗೋಡೆ ನೆಕ್ಕಿತು. ಕುಡಿಯುತ್ತಿದ್ದ ಹಾಗೆ ಅದರ ಮೈ ನಡುಗುವುದು ನಿಂತಿತು. ಕಂದು ಕೂದಲು ಬಂತು. ಕಾಲ ಕೆಳಗೆ ನೆರಳು ಬಿತ್ತು. ಅದು ತನ್ನ ನೆರಳನ್ನೇ ಮೂಸಿ ನೋಡಿತು.

ಒಂದು ತೊಟ್ಟು ನಾನೂ ನೆಕ್ಕಬೇಕಿತ್ತು ಅಂತ ದುಗ್ಗನಿಗೆ ಅನ್ನಿಸಿದಾಗ ಭರಣಿ ಒಣಗಿತ್ತು.

ಎರಡು ಉಸಿರು. ಊರ ಬಾಗಿಲು.

ಇನ್ನು ಎರಡು ದಿನ ಉಳಿದಿತ್ತು. ಮೂರನೆಯ ಪರೀಕ್ಷೆಗೆ ಕೋರೆಹಲ್ಲಿರಲಿಲ್ಲ, ಗೊರಸಿರಲಿಲ್ಲ. ಮನೆಯ ಒಲೆಯೇ ಅದು. ಆದರೂ ದುಗ್ಗನಿಗೆ ಕರಡಿಗಿಂತ ಅದರ ಹೆದರಿಕೆಯೇ ಹೆಚ್ಚಾಯಿತು.

ಅರ್ಧ ಗಡ್ಡೆಯನ್ನು ಹೊಟ್ಟಿನ ಗುಂಡಿಗೆ ಹಾಕಿ ಮುಚ್ಚಿದ. ಕಾಟವ್ವನನ್ನು ಕೂಗಿದ.

"ಪಾಕ ಹೇಗೆ ಮಾಡೋದು?"

"ನನ್ನ ಕೇಳ್ತೀಯಾ? ಕೆಂಚಿ ಬಾಗಿಲು ಹಾಕ್ಕೊಂಡು ಮಾಡ್ತಿದ್ದಳು. ಹಣ್ಣು ಯಾವುದು ಅಂತ ಗೊತ್ತಾ ನಿನಗೆ?"

ಅದು ಗೊತ್ತಿತ್ತು. ಪಾಪಸುಕಳ್ಳಿಯ ಹಣ್ಣು. ಬೇಲಿಯಲ್ಲಿ ಬೆಳೆಯುವ ಮುಳ್ಳುಕಳ್ಳಿ. ಬಿಸಿಲುಸೀಮೆಯಲ್ಲಿ ಅದನ್ನು ದನವೂ ಮೂಸುವುದಿಲ್ಲ. ಮೆಕ್ಕೆನಾಡಿನಲ್ಲಿ ಅದು ಹಣ್ಣುಗಳಿಗೆ ರಾಜ ಅಂತ ಅಜ್ಜಿ ಹೇಳಿದ್ದಳಂತೆ. ಯಾರೂ ತಿನ್ನದ ಹಣ್ಣಿಗೆ ಮೀಸಲು ಯಾರು ಇಡುತ್ತಾರೆ? ಅದಕ್ಕೇ ಅದರ ರುಚಿ ಇನ್ನೂ ಹಣ್ಣಿನಲ್ಲೇ ಇತ್ತು.

ಆರನೆಯ ದಿನ ಬೆಳಗ್ಗೆ ದುಗ್ಗ ಊರ ಬೇಲಿಯೆಲ್ಲ ಸುತ್ತಿದ. ಇಕ್ಕಳದಲ್ಲಿ ಹಿಡಿದು ಕಿತ್ತ. ಆದರೂ ಕಣ್ಣಿಗೆ ಕಾಣದ ಮುಳ್ಳು ಕೈತುಂಬ ಚುಚ್ಚಿತು. ಒಂದು ಬುಟ್ಟಿಯಾಯಿತು. ಬೇಲಿ ಬರಿದಾಯಿತು. ಇದ್ದದ್ದು ಅಷ್ಟೇ. ಕೆಂಡದ ಮೇಲೆ ಉರುಳಿಸಿ ಸಣ್ಣ ಮುಳ್ಳು ಸುಟ್ಟ. ಸಿಪ್ಪೆ ಸುಲಿದ. ಹಿಸುಕಿದ. ಬಟ್ಟೆಯಲ್ಲಿ ಸೋಸಿದ. ಕೆಂಪು ರಸ ಬಂತು. ಮೂರು ಪಾಲು ಮಾಡಿದ.

ಮೊದಲ ಪಾಲಿಗೆ ಬೆಲ್ಲ ಹಾಕಿ ಒಲೆಗಿಟ್ಟ. ಪಾಕಕ್ಕೆ ಒಂದೆಳೆ ಬರಬೇಕು ಅಂತ ಅವಳು ಅನ್ನುತ್ತಿದ್ದದ್ದು ಕೇಳಿದ್ದ. ಎರಡು ಬೆರಳ ನಡುವೆ ಹಿಡಿದು ಎಳೆದರೆ ದಾರದ ಹಾಗೆ ಒಂದೇ ಎಳೆ. ಅವನು ಎಳೆ ಬರಲಿ ಬರಲಿ ಅಂತ ಕಾದ. ಬಂತು. ಆದರೆ ಅಷ್ಟು ಹೊತ್ತಿಗೆ ಪಾತ್ರೆಯಲ್ಲಿದ್ದದ್ದು ಕಲ್ಲಾಗಿತ್ತು. ಸೌಟು ಅದರಲ್ಲೇ ನಿಂತುಕೊಂಡಿತು.

"ಇದನ್ನ ಆ ಬುರುಡೆಯವನ ತಲೆ ಮೇಲೆ ಹಾಕಬಹುದು" ಅಂದಳು ಕಾಟವ್ವ.

ಎರಡನೆಯ ಪಾಲಿಗೆ ಬೆಂಕಿ ಹೆಚ್ಚಾಯಿತು. ಉಕ್ಕಿತು. ಒಲೆ ಕುಡಿಯಿತು.

ಕಾಟವ್ವ ಈ ಸಲ ತಮಾಷೆ ಮಾಡಲಿಲ್ಲ. ಅವನ ಮುಖ ನೋಡಿದಳು. "ಸ್ವಲ್ಪ ಸುಧಾರಿಸಿಕೋ ತಮ್ಮ. ಮನೆಗೆ ಹೋಗಿ ಬರ್ತೀನಿ" ಅಂದು ಎದ್ದಳು.

ದುಗ್ಗ ಒಬ್ಬನೇ ಕೂತ. ಮೂರನೆಯ ಪಾಲು ಇಟ್ಟ. ಸಣ್ಣ ಉರಿ. ಕೈಗೆ ಮುಳ್ಳು ಚುಚ್ಚಿ ಬೆರಳು ಬಾತಿತ್ತು. ಎಳೆ ನೋಡಲು ಬೆರಳಿಗೆ ಆಗಲಿಲ್ಲ. ಅವಳು ವಾಸನೆ ಹಿಡಿದೇ ಹೇಳುತ್ತಿದ್ದಳು. ಅವನ ಮೂಗಿಗೆ ಹೊಗೆ ಬಿಟ್ಟು ಏನೂ ಸಿಗಲಿಲ್ಲ. ಉಳಿದದ್ದು ನಾಲಿಗೆ ಒಂದೇ.

ಸೌಟು ಅದ್ದಿ ಬಾಯಿಗಿಟ್ಟ. ಕಣ್ಣು ಮುಚ್ಚಿದ. ಅವಳದು ಹೀಗಿತ್ತಾ? ಇರಲಿಲ್ಲ. ಬೆಲ್ಲ ಹಾಕಿದ. ಮತ್ತೆ ಸೌಟು ಅದ್ದಿದ. ಬಾಯಿಗಿಟ್ಟ. ಅದಲ್ಲ. ಚಿಟಿಕೆ ಉಪ್ಪು ಹಾಕಿದ. ಮತ್ತೆ ಬಾಯಿಗಿಟ್ಟ. ಹತ್ತಿರ ಬಂದ ಹಾಗಾಯಿತು, ಮತ್ತೆ ದೂರ ಹೋಯಿತು. ಕುಟ್ಟಿದ ಮೆಣಸಿನಪುಡಿ ಹಾಕಿದ. ಮತ್ತೆ ಅದ್ದಿದ. ಅದಲ್ಲ. ಅವಳು ಒಲೆಯ ಮುಂದೆ ಕೂತ ರೀತಿ ನೆನಪಿಗೆ ಬಂತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ರೀತಿ ಬಂತು. ಬಳೆ ಸದ್ದು ಬಂತು. ರುಚಿ ಬರಲಿಲ್ಲ. ಅವನು ಸೌಟು ಅದ್ದುತ್ತಲೇ ಇದ್ದ. ಎಷ್ಟು ಸಲ ಅಂತ ಗೊತ್ತಿಲ್ಲ.

ಕಾಟವ್ವ ಬಾಗಿಲಲ್ಲಿ ನಿಂತು ಎದೆ ಬಡಿದುಕೊಂಡಳು.

"ಅಯ್ಯಯ್ಯೋ! ಏನು ಮಾಡ್ದೆ ಪಾಪಿ! ಬಾಯಿಗಿಟ್ಟ ಸೌಟು ಮತ್ತೆ ಪಾತ್ರೆಗೆ ಹಾಕ್ದೆಯಲ್ಲೋ!"

ದುಗ್ಗ ಸೌಟು ನೋಡಿದ. ಪಾತ್ರೆ ನೋಡಿದ.

"ಮೀಸಲು ಕಣೋ ಅದು! ಎಂಜಲು ಮಾಡಿಬಿಟ್ಟೆ! ಅಡುಗೆ ಮಾಡೋರು ಯಾರಾದರೂ ರುಚಿ ನೋಡ್ತಾರೇನೋ? ದೇವರಿಗಿಡೋ ಮುಂಚೆ ನಾಲಿಗೆಗೆ ಇಟ್ಟವರು ಈ ಸೀಮೆಯಲ್ಲಿ ಹುಟ್ಟಿದ್ದಾರಾ?"

"ನನಗೆ ಬೇರೆ ದಾರಿ ಗೊತ್ತಿರಲಿಲ್ಲ ಕಾಟವ್ವ."

"ಚೆಲ್ಲು. ಇನ್ನೊಂದು ಸಲ ಮಾಡು."

"ಹಣ್ಣಿಲ್ಲ. ಬೇಲಿ ಬರಿದಾಗಿದೆ."

ದುಗ್ಗ ಪಾತ್ರೆಯನ್ನು ಒಲೆಯಿಂದ ಇಳಿಸಿದ. ಪಾಕ ತಣ್ಣಗಾಯಿತು. ಕಾಟವ್ವ ಕೊನೆಗೆ, "ಯಾರಿಗೂ ಹೇಳಬೇಡ" ಅಂದಳು.

"ಹೇಳದೆ ಹೇಗೆ? ಅವನಿಗೆ ಗೊತ್ತಾಗಿ ಸಿಟ್ಟು ಬಂದರೆ ಮಗುವಿನ ಗತಿ? ಮೊದಲೇ ಹೇಳಿ ಕಾಲು ಹಿಡೀತೀನಿ. ಕಾಗೆ ಮಾಡೋದಾದರೆ ನನ್ನ ಮಾಡಲಿ."

ಏಳನೆಯ ದಿನ ಬೆಳಗ್ಗೆ ಅರಮನೆಯ ಅಂಗಳದಲ್ಲಿ ಊರೆಲ್ಲ ಸೇರಿತು. ಸೋರೆಸಿದ್ಧ ಹುಲಿಚರ್ಮದ ಮೇಲೆ ಕೂತಿದ್ದ. ಸುತ್ತ ನೂರೆಂಟು ಬುರುಡೆ. ರಾಣಿ ತುಂಬೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಮಗುವಿನ ತುಟಿ ಒಡೆದಿತ್ತು. ಎದೆ ಏರಿಳಿಯುವುದು ಹತ್ತಿರ ಹೋದರೆ ಮಾತ್ರ ಕಾಣುತ್ತಿತ್ತು.

ದುಗ್ಗ ಗಡ್ಡೆ ತೆಗೆದ. ಹೆರೆದ. ಬಿಸಿಲಿನಲ್ಲಿ ಮಂಜಿನ ಪುಡಿ ಹಾರಿತು. ಬಟ್ಟಲು ತುಂಬಿದ. ಪಾಕ ಹುಯ್ದ. ಬಿಳಿ ಮಂಜು ಕೆಂಪಾಯಿತು. ಮೇಲೆ ಉಪ್ಪು ಖಾರ ಉದುರಿಸಿದ. ಮುದುಕರೆಲ್ಲ ಕತ್ತು ಚಾಚಿದರು.

ದುಗ್ಗ ಬಟ್ಟಲು ಹಿಡಿದು ಮುಂದೆ ಬಂದ. "ಸ್ವಾಮಿ, ಒಂದು ಮಾತು."

"ಮಾತು ಬೇಡ. ತಾ."

"ಸ್ವಾಮಿ, ಕೊಡೋ ಮುಂಚೆ ಹೇಳಬೇಕು. ಈ ಪಾಕ..."

"ಕರಗ್ತಾ ಇದೆ ಕಣೋ ದಡ್ಡ! ತಾ ಇಲ್ಲಿ."

"ನನ್ನಿಂದ ಒಂದು ತಪ್ಪಾಗಿದೆ ಸ್ವಾಮಿ..."

"ತಪ್ಪು ಒಪ್ಪು ಆಮೇಲೆ. ನೂರೇಳು ರುಚಿ ತಿಂದವನು ನಾನು. ಮಂಜು ಹೆರೆಯೋನ ಕೈಲಿ ಪಾಠ ಕೇಳ್ಕೊಂಡು ಕೂರ್ಲಾ?"

ಬಟ್ಟಲು ಕಿತ್ತುಕೊಂಡ. ಬಾಯಿಗೆ ಸುರಿದುಕೊಂಡ.

ಸೋರೆಸಿದ್ಧನ ಬಲವೆಲ್ಲ ಒಂದು ನೇಮದಲ್ಲಿತ್ತು. ಅವನು ಒಬ್ಬರ ಎಂಜಲು ತಿನ್ನಬಾರದು. ತಿಂದರೆ ನುಂಗಿದ್ದೆಲ್ಲ ಹೊರಗೆ ಬರುತ್ತದೆ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೆದರಿಕೆಯೂ ಇರಲಿಲ್ಲ. ಅಡುಗೆ ಮಾಡುವವರು ರುಚಿ ನೋಡದ ಸೀಮೆಯನ್ನೇ ಅವನು ಹುಡುಕಿಕೊಂಡು ಬಂದಿದ್ದ.

ಮೊದಲು ಅವನ ಮುಖ ಅರಳಿತು. ಆಮೇಲೆ ಬಾಡಿತು. ಬಿಕ್ಕಳಿಕೆ ಬಂತು. ಒಂದು ಬಿಕ್ಕಳಿಕೆಗೆ ಒಂದು ಬುರುಡೆ ಟಪ್ ಅಂತ ಒಡೆಯಿತು. ಇನ್ನೊಂದು ಬಿಕ್ಕಳಿಕೆಗೆ ಇನ್ನೊಂದು.

"ಏನು ಹಾಕಿದ್ದೀಯೋ ಇದಕ್ಕೆ?" ಅಂತ ಅರಚಿದ.

"ಅದನ್ನೇ ಹೇಳೋಕೆ ಬಂದೆ ಸ್ವಾಮಿ" ಅಂದ ದುಗ್ಗ. "ಎಂಜಲು."

ಟಪ್ ಟಪ್ ಟಪ್. ಬುರುಡೆಗಳೆಲ್ಲ ಒಡೆದವು. ಅಂಗಳದಲ್ಲಿ ಮೊದಲು ಅನ್ನದ ವಾಸನೆ ಎದ್ದಿತು. ಆಮೇಲೆ ಕಾಸಿದ ತುಪ್ಪ, ಹುರಿದ ರಾಗಿ, ಮಾವು, ಹುಣಸೆ. ಒಂದೊಂದು ರುಚಿಯೂ ತನ್ನ ತನ್ನ ಮನೆ ಹುಡುಕಿಕೊಂಡು ಓಡಿತು. ಗೋಡೆಯ ಮೇಲಿದ್ದ ಎರಡು ಕಾಗೆಗಳು ಧೊಪ್ಪನೆ ಬಿದ್ದು ಮನುಷ್ಯರಾಗಿ, ಸೊಂಟ ನೀವಿಕೊಂಡು ಎದ್ದರು. ಸೋರೆಸಿದ್ಧ ಕುಗ್ಗಿದ, ಒಣಗಿದ, ಹಗುರಾದ. ಹುಲಿಚರ್ಮದ ಮೇಲೆ ಒಂದು ಒಣ ಸೋರೆಬುರುಡೆ ಮಾತ್ರ ಉಳಿಯಿತು. ಊರಿನವರು ಅದನ್ನು ಸುಡಲಿಲ್ಲ, ಹೂಳಲಿಲ್ಲ. ಮಕ್ಕಳ ಸೊಂಟಕ್ಕೆ ಕಟ್ಟಿ ಕೆರೆಯಲ್ಲಿ ಈಜು ಕಲಿಸಿದರು. ಒಳ್ಳೆ ತೇಲುತ್ತಿತ್ತು.

ಅದು ಆಮೇಲಿನ ಮಾತು. ಆ ಹೊತ್ತಿಗೆ ದುಗ್ಗ ಇನ್ನೊಂದು ಬಟ್ಟಲು ಹೆರೆದ. ಪಾಕ ಹುಯ್ದ. ರಾಣಿ ಚಿಟಿಕೆಯಷ್ಟು ತೆಗೆದು ಮಗುವಿನ ತುಟಿಗಿಟ್ಟಳು.

ಏನೂ ಆಗಲಿಲ್ಲ.

ತುಂಬೆಯ ನಾಲಿಗೆಯ ತುದಿ ಹೊರಗೆ ಬಂತು. ತುಟಿ ನೆಕ್ಕಿತು. ಒಳಗೆ ಹೋಯಿತು. ಕಣ್ಣು ಬಿಟ್ಟಳು.

"ಖಾರ" ಅಂದಳು.

ರಾಣಿ ಅಳುತ್ತಾ ಕೈ ಹಿಂದಕ್ಕೆ ತೆಗೆದಳು.

"ಯಾಕೆ ತೆಗಿತೀಯ? ಕೊಡು" ಅಂದಳು ಮಗು.

ಅರ್ಧ ಬಟ್ಟಲು ತಿಂದಳು. ಆಮೇಲೆ ಎರಡು ತುತ್ತು ಹಾಲನ್ನ ಉಂಡಳು. ಬಾಯಿ ಕೆಂಪಾಗಿತ್ತು. ದುಗ್ಗನನ್ನು ನೋಡಿದಳು.

"ನಿಮ್ಮ ಮನೆ ಅಮ್ಮ ಮಾಡ್ತಿದ್ದದ್ದೂ ಹಿಂಗೇ ಇತ್ತಾ?"

ದುಗ್ಗನಿಗೆ ಸುಳ್ಳು ಬರುತ್ತಿರಲಿಲ್ಲ. "ಇಲ್ಲ ತಾಯಿ. ಅದು ಬೇರೆ."

"ಅದು ಚೆನ್ನಾಗಿತ್ತಾ?"

"ಚೆನ್ನಾಗಿತ್ತು."

"ಇದೂ ಚೆನ್ನಾಗಿದೆ" ಅಂದಳು. "ಆದರೆ ನೀವು ಬೆಲ್ಲ ಜಾಸ್ತಿ ಹಾಕಿದ್ದೀರ."

ಜನ ನಕ್ಕರು. ದುಗ್ಗ ಒಂದು ಸೌಟು ಪಾಕ ತೆಗೆದು ಬಾಯಿಗಿಟ್ಟ. ಈ ಸಲ ಅವಳದನ್ನು ಹುಡುಕಲಿಲ್ಲ. ಸುಮ್ಮನೆ ರುಚಿ ನೋಡಿದ. ಮಗು ಹೇಳಿದ್ದು ನಿಜ. ಬೆಲ್ಲ ಒಂಚೂರು ಜಾಸ್ತಿಯಾಗಿತ್ತು. ಕಳ್ಳಿಹಣ್ಣು ಕಳ್ಳಿಹಣ್ಣಿನ ಹಾಗೇ ಇತ್ತು. ಅವನ ಕಣ್ಣಲ್ಲಿ ನೀರು ಬಂತು. ಖಾರ ಅಂತ ಹೇಳಿಕೊಂಡ. ಯಾರೂ ಅಲ್ಲ ಅನ್ನಲಿಲ್ಲ.

ಅವತ್ತಿನಿಂದ ಬಿಸಿಲುಸೀಮೆಯಲ್ಲಿ ಒಂದು ರೂಢಿ ಬಂತು. ಅಡುಗೆ ಮಾಡಿದವರು ಮೊದಲು ತಾವು ರುಚಿ ನೋಡಬೇಕು. ಆಮೇಲೆ ಬಡಿಸಬೇಕು. ದೇವರು ಏನೂ ಅನ್ನಲಿಲ್ಲ.

ರಾಜ ಚೆನ್ನಾಗಿದ್ದ. ರಾಣಿ ಚೆನ್ನಾಗಿದ್ದಳು. ತುಂಬೆ ಉಂಡು ಉಂಡು ದುಂಡಗಾದಳು. ಬಿಳಿ ಕರಡಿ ಬೆನ್ನು ಕೆರೆದುಕೊಂಡು ಸುಖವಾಗಿ ಮಲಗಿತು. ಕುದುರೆ ತನ್ನ ನೆರಳಿನ ಜೊತೆ ಆಡಿಕೊಂಡಿತ್ತು. ದುಗ್ಗ ಅಂಗಡಿಯ ಬಾಗಿಲು ತೆಗೆದ.

ಊರೆಲ್ಲ ಹಬ್ಬದೂಟ ಮಾಡಿದ ದಿನ ಕಾಟವ್ವ ಅವನಿಗೂ ಎಲೆ ಹಾಕಿದಳು. ಅನ್ನ ಬಡಿಸಿದಳು, ಸಾರು ಬಡಿಸಿದಳು. ದುಗ್ಗ ಉಂಡ. ಎಲೆ ಖಾಲಿಯಾಯಿತು. ಕೆಂಚವ್ವ ಹೋದ ಮೇಲೆ ಅವನು ಎರಡನೇ ಸಲ ಬಡಿಸಿಕೊಂಡದ್ದೇ ಇರಲಿಲ್ಲ, ಅವಳು ಮುಂದಿನ ಎಲೆಗೆ ಹೊರಟಳು.

"ಕಾಟವ್ವ" ಅಂದ. "ಇನ್ನೊಂಚೂರು ಅನ್ನ ಹಾಕು."